ಫಿನ್ಲೆಂಡ್ ಬರೀ ತಲೆ ತಗ್ಗಿಸಿ ಉಳಿಯಲಿಲ್ಲ

ಮಾನ್ಯರೇ,

ಶಿವಮೊಗ್ಗದಿಂದ ನೀವು ಬರೆದ ಮೂರು ಪುಟದ ಪತ್ರ ಕೈಸೇರಿತು. ಪಕ್ಕದ ಮನೆಯ ಹುಡುಗಿ ಯುದ್ಧದಿಂದಾಗಿ ಉಕ್ರೇನಿನ ಖಾರ್ಕಿವ್‌ನಲ್ಲಿ ಎಂಬಿಬಿಎಸ್ ಅರ್ಧಕ್ಕೇ ಬಿಟ್ಟು ಬಂದ ಕಷ್ಟ ಓದಿ ಬೇಜಾರಾಯಿತು. ಕೊನೆಗೆ ನೀವು ಕೇಳಿದ್ದು ಇದು: "ಫಿನ್ಲೆಂಡ್ ರಷ್ಯಾದ ಮುಂದೆ ತಲೆ ತಗ್ಗಿಸಿ ಎಪ್ಪತ್ತೈದು ವರ್ಷ ನೆಮ್ಮದಿಯಾಗಿತ್ತು. ಉಕ್ರೇನ್ ಕೂಡ ಹಾಗೇ ಇದ್ದಿದ್ದರೆ ಯುದ್ಧ ಆಗುತ್ತಿತ್ತಾ? ಇದನ್ನು ನಿಮ್ಮ ಪತ್ರಿಕೆ ಯಾಕೆ ಬರೆಯುವುದಿಲ್ಲ?"

ಅದು ಅರ್ಧ ಕಥೆ, ಅದಕ್ಕೇ ಬರೆದಿಲ್ಲ.

1939ರಲ್ಲಿ ಸ್ಟಾಲಿನ್ ಫಿನ್ಲೆಂಡಿನ ಒಂದಷ್ಟು ನೆಲ ಕೇಳಿದ. ಬದಲಿಗೆ ಬೇರೆ ಕಡೆ ಜಾಗ ಕೊಡುತ್ತೇನೆ ಎಂದ. ಅವರು ಒಪ್ಪಲಿಲ್ಲ. ನವೆಂಬರ್ 30ಕ್ಕೆ ಸೋವಿಯತ್ ಸೇನೆ ಗಡಿ ದಾಟಿತು. ಸುಮಾರು 37 ಲಕ್ಷ ಜನರ ದೇಶ 105 ದಿನ ಹಿಮದಲ್ಲಿ ಕಾದಾಡಿತು. ನೆಲ ಕಳೆದುಕೊಂಡರೂ ರಾಜಧಾನಿ ಹೆಲ್ಸಿಂಕಿಯನ್ನು ಬಿಟ್ಟುಕೊಡಲಿಲ್ಲ. 1941ರಲ್ಲಿ ಜರ್ಮನಿಯ ಜೊತೆ ಸೇರಿ ಮತ್ತೆ ಯುದ್ಧಕ್ಕಿಳಿದರು, 1944ರಲ್ಲಿ ಮತ್ತೆ ಸೋತರು. ಕಳೆದುಕೊಂಡ ಕರೇಲಿಯಾ ಪ್ರಾಂತ್ಯದಿಂದ ನಾಲ್ಕು ಲಕ್ಷಕ್ಕೂ ಜಾಸ್ತಿ ಜನ ಮನೆಮಠ ಬಿಟ್ಟು ಬಂದರು. ಯುದ್ಧದ ದಂಡವಾಗಿ ಹಡಗು, ಯಂತ್ರ, ಕಾಗದವನ್ನು 1952ರವರೆಗೂ ಸೋವಿಯತ್‌ಗೆ ಕಳಿಸುತ್ತಲೇ ಇದ್ದರು.

ಸಾಲದ್ದಕ್ಕೆ, ಹೆಲ್ಸಿಂಕಿಗೆ ಬರೀ 30 ಕಿಲೋಮೀಟರ್ ದೂರದ ಪೋರ್ಕಲಾದಲ್ಲಿ ಸೋವಿಯತ್ ನೌಕಾನೆಲೆ ಬಂದು ಕೂತಿತು. ಹೆಲ್ಸಿಂಕಿಯಿಂದ ತುರ್ಕು ನಗರಕ್ಕೆ ಹೋಗುವ ರೈಲು ಅದರ ನಡುವೆಯೇ ಹಾಯಬೇಕಿತ್ತು. ಆ ಜಾಗ ಬಂದ ಕೂಡಲೇ ಕಿಟಕಿಗಳನ್ನೆಲ್ಲ ಹೊರಗಿನಿಂದ ಮುಚ್ಚುತ್ತಿದ್ದರು. ಸೋವಿಯತ್ ಇಂಜಿನ್ ಬಂದು ಎಳೆದುಕೊಂಡು ಹೋಗುತ್ತಿತ್ತು. ತಮ್ಮದೇ ನೆಲದಲ್ಲಿ ಜನ ಕತ್ತಲಲ್ಲಿ ಕೂತಿರಬೇಕಿತ್ತು. ಜಗತ್ತಿನ ಅತಿ ಉದ್ದದ ಸುರಂಗ ಎಂದೇ ಅದನ್ನು ಕರೆಯುತ್ತಿದ್ದರು. 1956ರಲ್ಲಿ ಆ ನೆಲ ವಾಪಸ್ ಬಂತು.

ಆಗ ಅಧ್ಯಕ್ಷರಾಗಿದ್ದವರು ಪಾಸಿಕಿವಿ. 1939ರಲ್ಲಿ ಮಾತುಕತೆಗೆ ಮಾಸ್ಕೋಗೆ ಹೋಗಿದ್ದವರೂ ಅವರೇ. ನೆರೆಯವನನ್ನು ಬದಲಾಯಿಸಲು ಆಗುವುದಿಲ್ಲ ಎಂಬುದು ಅವರಿಗೆ ಗೊತ್ತಿತ್ತು. ಸೋವಿಯತ್ ಜೊತೆಗಿನ 1948ರ ಒಪ್ಪಂದದಲ್ಲಿ, ಜರ್ಮನಿಯಾಗಲಿ ಅದರ ಮಿತ್ರರಾಗಲಿ ನಮ್ಮ ನೆಲದ ಮೂಲಕ ನಿಮ್ಮ ಮೇಲೆ ಬಂದರೆ ತಡೆಯುತ್ತೇವೆ ಎಂದು ಮಾತು ಕೊಟ್ಟರು. ಚುನಾವಣೆ, ಸಂಸತ್ತು, ಸ್ವಂತ ಸೇನೆಯನ್ನು ಮಾತ್ರ ಬಿಟ್ಟುಕೊಡಲಿಲ್ಲ. ಯಾವುದನ್ನು ಬಿಡಬಹುದು, ಯಾವುದನ್ನು ಪ್ರಾಣ ಹೋದರೂ ಬಿಡಬಾರದು ಎಂದು ತೀರ್ಮಾನಿಸುವುದೇ ವಿದೇಶಾಂಗ ನೀತಿಯ ಅತಿ ಕಷ್ಟದ ಕೆಲಸ.

ಬೆಲೆಯನ್ನೂ ತೆತ್ತರು, ಅದನ್ನು ಮುಚ್ಚಿಡಬಾರದು. 1947ರಲ್ಲಿ ಯುದ್ಧದಲ್ಲಿ ಹಾಳಾದ ಯುರೋಪನ್ನು ಕಟ್ಟಲು ಅಮೆರಿಕ ಕೊಡುತ್ತಿದ್ದ ಮಾರ್ಷಲ್ ಯೋಜನೆಯ ಹಣ ಬೇಡ ಎನ್ನಬೇಕಾಯಿತು. 1961ರಲ್ಲಿ ಮಾಸ್ಕೋದಿಂದ ಒಂದು ಖಡಕ್ ಪತ್ರ ಬಂದ ಮೇಲೆ, ಅಧ್ಯಕ್ಷ ಕೆಕ್ಕೊನೆನ್ ಎದುರು ಚುನಾವಣೆಗೆ ನಿಂತಿದ್ದ ಮುಖ್ಯ ಎದುರಾಳಿ ಹಿಂದೆ ಸರಿದರು. ಪತ್ರಿಕೆಗಳು ಸೋವಿಯತ್ ಬಗ್ಗೆ ಬಾಯಿ ಬಿಗಿಹಿಡಿದು ಬರೆಯುತ್ತಿದ್ದವು. ಪತ್ರಿಕೆ ನಡೆಸುವ ನನಗೆ ಇದು ಜಾಸ್ತಿ ಚುಚ್ಚುತ್ತದೆ. ಇದನ್ನು ನೆಮ್ಮದಿ ಎನ್ನಲು ನನಗೆ ಮನಸ್ಸಿಲ್ಲ.

ಆದರೆ ಅಷ್ಟೂ ವರ್ಷ ಯುವಕರ ಕಡ್ಡಾಯ ಸೇನಾ ತರಬೇತಿ ನಿಲ್ಲಲೇ ಇಲ್ಲ. ಹೆಲ್ಸಿಂಕಿಯ ಇತಾಕೆಸ್ಕುಸ್ ಬಡಾವಣೆಯಲ್ಲಿ ಬಂಡೆ ಕೊರೆದು ನೆಲದಡಿ ಕಟ್ಟಿದ ಈಜುಕೊಳ ಇದೆ. ಯುದ್ಧದ ಭಯ ಬಂದರೆ 72 ಗಂಟೆಯೊಳಗೆ ನೀರು ಖಾಲಿ ಮಾಡಿ ಜನರನ್ನು ಅಲ್ಲಿಗೆ ಇಳಿಸಬಹುದು. ತಲೆ ತಗ್ಗಿಸಿ ಸುಮ್ನೆ ಕೂತವರು ಹೀಗೆ ಕಟ್ಟುತ್ತಾರಾ?

ಈಗ ಉಕ್ರೇನ್. 1994ರಲ್ಲಿ ತನ್ನ ನೆಲದಲ್ಲಿದ್ದ ಅಣ್ವಸ್ತ್ರಗಳನ್ನು ಬಿಟ್ಟುಕೊಡಲು ಒಪ್ಪಿತು. ಗಡಿಯನ್ನು ಗೌರವಿಸುತ್ತೇವೆ ಎಂದು ಬುಡಾಪೆಸ್ಟ್‌ನಲ್ಲಿ ಸಹಿ ಹಾಕಿದವರಲ್ಲಿ ರಷ್ಯಾ ಕೂಡ ಇತ್ತು. 2010ರಲ್ಲಿ ಉಕ್ರೇನ್ ಯಾವ ಸೇನಾಕೂಟಕ್ಕೂ ಸೇರುವುದಿಲ್ಲ ಎಂದು ಕಾನೂನನ್ನೇ ಮಾಡಿತು. 2014ರ ಮಾರ್ಚ್‌ನಲ್ಲಿ ರಷ್ಯಾ ಕ್ರೈಮಿಯಾವನ್ನು ತನ್ನದಾಗಿಸಿಕೊಂಡಾಗ ಆ ಕಾನೂನು ಇನ್ನೂ ಜಾರಿಯಲ್ಲಿತ್ತು. ಅದು ರದ್ದಾಗಿದ್ದು ಆ ಡಿಸೆಂಬರ್‌ನಲ್ಲಿ. ನೀವು ಹೇಳುವ ದಾರಿಯನ್ನು ಅವರು ಹಿಡಿದು ನೋಡಿದ್ದರು, ಅಲ್ವಾ?

ಪಾಶ್ಚಾತ್ಯ ದೇಶಗಳ ಸೇನಾಕೂಟವಾದ ನೇಟೋದವರದ್ದೂ ತಪ್ಪಿದೆ. 2008ರಲ್ಲಿ ಬುಕಾರೆಸ್ಟ್‌ನಲ್ಲಿ ಉಕ್ರೇನ್ ಮುಂದೊಂದು ದಿನ ಸದಸ್ಯವಾಗುತ್ತದೆ ಎಂದರು, ಯಾವಾಗ ಎಂದು ಹೇಳಲಿಲ್ಲ. ರಷ್ಯಾಕ್ಕೆ ಸಿಟ್ಟು ಬಂತು, ಉಕ್ರೇನಿಗೆ ರಕ್ಷಣೆಯೂ ಸಿಗಲಿಲ್ಲ. ಈ ಮಾತಿನಲ್ಲಿ ನಾನು ನಿಮ್ಮ ಕಡೆಗೇ.

ಫಿನ್ಲೆಂಡ್ 2023ರ ಏಪ್ರಿಲ್ 4ಕ್ಕೆ ನೇಟೋ ಸೇರಿತು. ರಷ್ಯಾದ ಜೊತೆ ಅದರ ಗಡಿ ಸುಮಾರು 1,340 ಕಿಲೋಮೀಟರ್. ಮಾತು ಕೊಟ್ಟ ಉಕ್ರೇನಿಗೆ ಏನಾಯಿತೆಂದು ಅವರು ಕಣ್ಣಾರೆ ಕಂಡಿದ್ದರು.

ಆ ಹುಡುಗಿಗೆ ಓದು ಮುಗಿಸಲು ದಾರಿ ಸಿಕ್ಕಿತಾ? ದಯವಿಟ್ಟು ಬರೆದು ತಿಳಿಸಿ.

ಸಂಪಾದಕ