ಕಿಂಗ್‌ಫೀಲ್ಡ್ ಮೈದಾನದ ಪಕ್ಕದ ಮನೆ ತಗೋಬಹುದಾ ಎಂದು ಕೇಳಿದ ತಮ್ಮನಂಥವರಿಗೆ

"ಅಣ್ಣ, ಇಂಗ್ಲೆಂಡಿನ ವೋಕಿಂಗ್‌ನಲ್ಲಿ ಫುಟ್‌ಬಾಲ್ ಮೈದಾನದ ಹತ್ತಿರ ಒಂದು ಮನೆ ನೋಡಿದ್ದೇವೆ. ಮ್ಯಾಚ್ ದಿನ ಗಲಾಟೆ ಇರುತ್ತಾ? ನಮ್ಮಂಥವರು ಒಳಗೆ ಹೋಗಿ ನೋಡಬಹುದಾ? ನಮ್ಮ ಅಪ್ಪ ಅಮ್ಮ ಮೇ ತಿಂಗಳಲ್ಲಿ ಬರ್ತಾರೆ" ಎಂದು ಬರೆದಿದ್ದೀರಿ. ಜೊತೆಗೆ ಬಾಡಿಗೆ, ಕೌನ್ಸಿಲ್ ಟ್ಯಾಕ್ಸ್ ಎಂಬ ಮನೆ ತೆರಿಗೆ, ಸೋನಾ ಮಸೂರಿ ಅಕ್ಕಿಯ ಬಗ್ಗೆಯೂ ಕೇಳಿದ್ದೀರಿ. ಅಕ್ಕಿ ಸಿಗುತ್ತದೆ, ಚಿಂತೆ ಬೇಡ. ಲಂಡನ್‌ಗೆ ರೈಲಿನಲ್ಲಿ ಅರ್ಧ ಗಂಟೆಯ ಊರು, ಬಾಡಿಗೆ ಜಾಸ್ತಿಯೇ. ಮನೆ ತಗೊಳ್ಳಿ. ಮೈದಾನದ ವಿಷಯ ಮಾತ್ರ ಸ್ವಲ್ಪ ಉದ್ದಕ್ಕೆ ಹೇಳಬೇಕು.

ನಾನು ಬಂದದ್ದು 2009ರಲ್ಲಿ. ಮೊದಲ ಶನಿವಾರ ಮಧ್ಯಾಹ್ನ ಅನ್ನಕ್ಕೆ ಇಟ್ಟು ನಿಂತಿದ್ದೆ, ಇದ್ದಕ್ಕಿದ್ದಂತೆ ಸಾವಿರ ಜನ ಒಟ್ಟಿಗೆ ಕೂಗಿದ ಸದ್ದು. ಏನೋ ಹೊಡೆದಾಟ ಎಂದುಕೊಂಡು ಕಿಟಕಿ ಮುಚ್ಚಿ ಚಿಲಕ ಹಾಕಿದೆ. ಸಂಜೆ ನೋಡಿದರೆ ಅರ್ಧ ಕೆಂಪು ಅರ್ಧ ಬಿಳಿ ಅಂಗಿ ತೊಟ್ಟ ಅಜ್ಜಂದಿರು ಮೊಮ್ಮಕ್ಕಳ ಕೈ ಹಿಡಿದು ಮನೆಗೆ ಹೋಗುತ್ತಿದ್ದರು. ಊರ ಜಾತ್ರೆ ಮುಗಿಸಿ ಬರುವವರ ಹಾಗೆ.

ಈ ಮೈದಾನ ವೋಕಿಂಗ್ ಫುಟ್‌ಬಾಲ್ ಕ್ಲಬ್ಬಿನದು. ಇದು ನಾನ್-ಲೀಗ್ ಕ್ಲಬ್. ಎಂದರೆ ಮೇಲಿನ ನಾಲ್ಕು ಹಂತಗಳ 92 ತಂಡಗಳ ಕೆಳಗಿನದು. ಹುಟ್ಟಿದ್ದು 1880ರ ದಶಕದ ಕೊನೆಯಲ್ಲಿ, ಭೋಪಾಲದ ಬೇಗಂ ಹಣ ಕೊಟ್ಟು ಇಲ್ಲಿ ಶಹಜಹಾನ್ ಮಸೀದಿ ಕಟ್ಟಿಸಿದ ಕಾಲದಲ್ಲೇ. ಕಿಂಗ್‌ಫೀಲ್ಡ್‌ನಲ್ಲಿ 1922ರಿಂದ ಆಡುತ್ತಿದ್ದಾರೆ. 1908ರಲ್ಲಿ ಕ್ಲಬ್ ಮುಚ್ಚುವ ಸ್ಥಿತಿಗೆ ಬಂದಿತ್ತು. ಆ ವರ್ಷ ಸಣ್ಣ ದೊಡ್ಡ ತಂಡಗಳೆಲ್ಲ ಸೇರಿ ಆಡುವ ಎಫ್‌ಎ ಕಪ್‌ನಲ್ಲಿ ಐದು ಅರ್ಹತಾ ಪಂದ್ಯ ದಾಟಿ, ದೊಡ್ಡ ತಂಡವಾದ ಬೋಲ್ಟನ್‌ನ ಊರಿಗೆ ಹೋಗಿ 5-0 ಸೋತರು. ಇವರ ಆಟ ಮೆಚ್ಚಿದ ಬೋಲ್ಟನ್‌ನವರು ಮುಂದಿನ ಸೀಸನ್‌ನಲ್ಲಿ ತಾವೇ ವೋಕಿಂಗ್‌ಗೆ ಬಂದು ಒಂದು ಪಂದ್ಯ ಆಡಿಕೊಟ್ಟರು. ಕ್ಲಬ್ಬಿನ ಸಾಲದ ಸಂಕಟ ಕಳೆದದ್ದು ಹಾಗೆ. ಸೋತ ಪಂದ್ಯ ಉಳಿಸಿದ ಕ್ಲಬ್ ಇದು.

1991ರ ಜನವರಿಯ ಕಥೆಯನ್ನು ನಿಮಗೆ ಇಲ್ಲಿ ಯಾರಾದರೂ ಹೇಳಿಯೇ ಹೇಳುತ್ತಾರೆ, ಹೇಳಲಿ ಬಿಡಿ, ಮೊದಲ ಸಲ ಕೇಳಿದವರ ಹಾಗೆ ಕೇಳಿ. ಅದೇ ಎಫ್‌ಎ ಕಪ್‌ನಲ್ಲಿ, ನಾಲ್ಕು ಹಂತ ಮೇಲಿದ್ದ ವೆಸ್ಟ್ ಬ್ರಾಮ್ ತಂಡದ ವಿರುದ್ಧ, ಅವರದೇ ಮೈದಾನದಲ್ಲಿ, ವಿರಾಮಕ್ಕೆ 1-0 ಹಿಂದಿದ್ದವರು 4-2 ಗೆದ್ದರು. ದ್ವಿತೀಯಾರ್ಧದಲ್ಲಿ ಟಿಮ್ ಬುಜಾಗ್ಲೋ ಮೂರು ಗೋಲು. ಅವರು ಜಿಬ್ರಾಲ್ಟರ್ ಪರ ಕ್ರಿಕೆಟ್ ಕೂಡ ಆಡಿದವರು! ಮುಂದಿನ ಸುತ್ತಿನಲ್ಲಿ ಎವರ್ಟನ್‌ಗೆ ಒಂದೇ ಗೋಲಿನಿಂದ ಸೋತರು.

ಇದನ್ನೆಲ್ಲ ನಾನು ತಿಳಿದುಕೊಂಡದ್ದು ತಡವಾಗಿ. ಹತ್ತು ವರ್ಷ ಈ ಮೈದಾನದ ಪಕ್ಕದಲ್ಲೇ ಇದ್ದೂ ಒಳಗೆ ಕಾಲಿಟ್ಟಿರಲಿಲ್ಲ. ನನಗೆ ಫುಟ್‌ಬಾಲ್ ಎಂದರೆ ಟಿವಿಯಲ್ಲಿ ಬರುವ ದೊಡ್ಡ ಹೆಸರುಗಳು.

ನನ್ನ ಅಪ್ಪ ಬೆಂಗಳೂರಿನ ಎಚ್‌ಎಎಲ್ ವಿಮಾನ ಕಾರ್ಖಾನೆಯಲ್ಲಿದ್ದವರು. ಮೈಸೂರು ರಾಜ್ಯ ಸತತ ಎರಡು ಸಲ ರಾಜ್ಯ ತಂಡಗಳ ಫುಟ್‌ಬಾಲ್ ಪಂದ್ಯಾವಳಿಯಾದ ಸಂತೋಷ್ ಟ್ರೋಫಿ ಗೆದ್ದ 1960ರ ದಶಕದ ಕೊನೆಯಲ್ಲಿ ಅವರಿಗೆ ಇಪ್ಪತ್ತರ ಆಸುಪಾಸು. ಶಿಫ್ಟ್ ಮುಗಿಸಿ ಸೈಕಲ್ ತುಳಿದುಕೊಂಡು ಅಶೋಕನಗರದ ಸ್ಟೇಡಿಯಂಗೆ ಹೋಗುತ್ತಿದ್ದರು. 2018ರ ನವೆಂಬರ್‌ನಲ್ಲಿ ಮಗಳು ಹುಟ್ಟಿದಾಗ ಅಪ್ಪ ಅಮ್ಮ ಇಬ್ಬರೂ ಬಂದರು. ನಾನು ರಜೆ ಹಾಕಿ ಅಪ್ಪನನ್ನು ಲಂಡನ್ನಿನ ದೊಡ್ಡ ಫುಟ್‌ಬಾಲ್ ಸ್ಟೇಡಿಯಂ ವೆಂಬ್ಲಿಯ ಟೂರ್‌ಗೆ ಕರೆದುಕೊಂಡು ಹೋದೆ. ಖಾಲಿ ಕುರ್ಚಿಗಳನ್ನು ನೋಡಿ "ಚೆನ್ನಾಗಿದೆ" ಎಂದರು, ಅಷ್ಟೇ.

ಅದೇ ಚಳಿಗಾಲ ವೋಕಿಂಗ್ ಆರನೇ ಹಂತದಲ್ಲಿತ್ತು. ಸ್ವಿಂಡನ್ ತಂಡವನ್ನು ಅವರ ಊರಲ್ಲೇ 1-0 ಸೋಲಿಸಿ ಎಫ್‌ಎ ಕಪ್‌ನ ಮೂರನೇ ಸುತ್ತಿಗೆ ಬಂದಿತು. ಎಲ್ಲಕ್ಕಿಂತ ಮೇಲಿನ ಹಂತವಾದ ಪ್ರೀಮಿಯರ್ ಲೀಗಿನ ವಾಟ್‌ಫರ್ಡ್ ತಂಡ ನಮ್ಮ ಬೀದಿಗೇ ಬರುವುದೆಂದಾಯಿತು. ಅಪ್ಪ ಎರಡು ಸಲ ಕೇಳಿದರು. "ನೋಡೋಣ ಅಪ್ಪ" ಎಂದೆ. ಆಫೀಸಿನ ಕೆಲಸ, ಮಗುವಿನ ಜ್ವರ, ಅದು ಇದು. ನಾನು ಎಚ್ಚೆತ್ತಾಗ ಟಿಕೆಟ್ ಮುಗಿದಿತ್ತು.

2019ರ ಜನವರಿ 6, ಭಾನುವಾರ. ಅಪ್ಪ ವಾಕಿಂಗ್ ಹೋಗಿಬರ್ತೀನಿ ಎಂದು ಮಂಕಿ ಕ್ಯಾಪ್, ಮಫ್ಲರ್, ನನ್ನ ಹಳೇ ಜಾಕೆಟ್ ಹಾಕಿಕೊಂಡು ಹೊರಟವರು ಎರಡೂವರೆ ಗಂಟೆ ಬರಲಿಲ್ಲ. ಬಂದಾಗ ಮೂಗಿನ ತುದಿ ಕೆಂಪಗಾಗಿತ್ತು. ಕಾಫಿ ಲೋಟವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಹೇಳಿದರು: "ಎರಡು ಗೋಲು ಬಿತ್ತು ಕಣೋ. ಎರಡೂ ಅವರದ್ದೇ. ಕೂಗು ಒಂದು ಮೂಲೆಯಿಂದ ಮಾತ್ರ ಬಂತು, ಬೇರೆ ಕಡೆ ಎಲ್ಲ ಸುಮ್ಮನಾದರು." ಫೋನ್ ತೆಗೆದು ನೋಡಿದೆ. ವಾಟ್‌ಫರ್ಡ್ 2-0.

ಗೋಡೆಯ ಆಚೆ ನಿಂತು ಕಿವಿಯಲ್ಲೇ ಮ್ಯಾಚ್ ನೋಡಿ ಬಂದಿದ್ದರು. ಬೇಜಾರು ಮಾಡಿಕೊಳ್ಳಲಿಲ್ಲ. ಮಾಡಿಕೊಂಡಿದ್ದರೆ ನನಗೆ ಇಷ್ಟು ನೋಯುತ್ತಿರಲಿಲ್ಲವೇನೋ. 2021ರಲ್ಲಿ ಅಪ್ಪ ತೀರಿಕೊಂಡರು.

ಈಗ ನನ್ನ ಹತ್ತಿರ ಸೀಸನ್ ಟಿಕೆಟ್ ಇದೆ. ಮಗಳನ್ನೂ ಕರೆದುಕೊಂಡು ಹೋಗುತ್ತೇನೆ. ಒಳಗೆ ಹೋಗಬಹುದಾ ಎಂದು ಕೇಳಿದಿರಲ್ಲ, ಧಾರಾಳವಾಗಿ ಹೋಗಿ. ಗೋಲಿನ ಹಿಂದೆ ಟೆರೇಸ್ ಇದೆ. ಟೆರೇಸ್ ಎಂದರೆ ನಮ್ಮ ತಾರಸಿ ಅಲ್ಲ, ನಿಂತು ನೋಡುವ ಮೆಟ್ಟಿಲು. ಒಂದೆರಡು ಸಾವಿರ ಜನ ಸೇರುತ್ತಾರೆ, ಎರಡು ಸಲ ಒಂದೇ ಜಾಗದಲ್ಲಿ ನಿಂತರೆ ಮೂರನೇ ಸಲ ಪಕ್ಕದವರು ನಿಮಗಾಗಿ ಸರಿದು ಜಾಗ ಮಾಡುತ್ತಾರೆ. ಬೈಗುಳ ಕಿವಿಗೆ ಬೀಳುತ್ತದೆ, ಮಕ್ಕಳಿದ್ದರೆ ಕುರ್ಚಿಯ ಕಡೆ ಹೋಗಿ. ಕಾಲಿಗೆ ಎರಡು ಜೊತೆ ಕಾಲುಚೀಲ. ಕಪ್ಪಗೆ, ಬಿಸಿಯಾಗಿ ಬೋವ್ರಿಲ್ ಎಂದು ಒಂದು ಮಾರುತ್ತಾರೆ. ನೋಡಲು ಕಷಾಯದಂತಿದ್ದರೂ ಅದು ದನದ ಮಾಂಸದ ರಸ, ಮನೆಯಲ್ಲಿ ತಿನ್ನದವರಾದರೆ ಮೊದಲೇ ಹೇಳಿಬಿಡಿ. ಟೀ ಕುಡಿಯಿರಿ.

ಎಫ್‌ಎ ಕಪ್ ಸಣ್ಣ ತಂಡಗಳಿಗೆ ಆಗಸ್ಟ್‌ನಲ್ಲೇ ಶುರುವಾಗುತ್ತದೆ, ದೊಡ್ಡವರು ಬರುವುದು ಜನವರಿಗೆ. ಜನವರಿಯ ಟಿಕೆಟ್ ಬೇಕಿದ್ದರೆ ಆಗಸ್ಟ್‌ನಿಂದಲೇ ಹೋಗುತ್ತಿರಿ.

ನಿಮ್ಮ ತಂದೆ ತಾಯಿ ಮೇನಲ್ಲಿ ಬರುತ್ತಾರೆ ಎಂದಿರಿ. ಆ ಹೊತ್ತಿಗೆ ಇಲ್ಲಿ ಸೀಸನ್ ಮುಗಿದು ಹುಲ್ಲು ಬೆಳೆಸುತ್ತಿರುತ್ತಾರೆ. ವಿಮಾನದ ಟಿಕೆಟ್ ಇನ್ನೂ ಮಾಡಿಸಿಲ್ಲದಿದ್ದರೆ ಮಾರ್ಚ್ ಕೊನೆಗೆ ಕರೆಸಿಕೊಳ್ಳಿ. ನಿಮ್ಮಪ್ಪನಿಗೆ ಟೆರೇಸಿನಲ್ಲಿ ನನ್ನ ಪಕ್ಕ ಜಾಗ ಇದೆ.