ಮೇ ತಿಂಗಳಲ್ಲಿ ಯಕ್ಷಗಾನ ಮೇಳದ ಇಂಟರ್ನ್‌ಶಿಪ್

ಮೇ 20ರಿಂದ ಆರು ವಾರ ತೆಂಕುತಿಟ್ಟಿನ (ಯಕ್ಷಗಾನದ ದಕ್ಷಿಣದ ಶೈಲಿಯ) ಮೇಳದಲ್ಲಿ ಇಂಟರ್ನ್‌ಶಿಪ್ ಮಾಡಬಹುದೇ ಎಂದು ಕೇಳಿದ್ದೀರಿ. ನಾಲ್ಕೈದು ದಿನ ಆಟ ಸಿಕ್ಕೀತು, ಅಷ್ಟೆ. ನವೆಂಬರ್ ಸುಮಾರಿಗೆ ಹೊರಡುವ ಮೇಳಗಳು ಮೇ ಕೊನೆಯ ಪತ್ತನಾಜೆಗೆ, ಅಂದರೆ ತುಳು ಬೇಶ ತಿಂಗಳ ಹತ್ತನೇ ದಿನಕ್ಕೆ, ಗೆಜ್ಜೆ ಬಿಚ್ಚಿ ತಿರುಗಾಟ ಮುಗಿಸುತ್ತವೆ. ಚೌಕಿ (ವೇಷ ಕಟ್ಟುವ ಬಣ್ಣದ ಮನೆ) ಕೆಲಸ ಕಲಿಯಲೇಬೇಕಿದ್ದರೆ ಜನವರಿಗೆ ಬದಲಿಸಿಕೊಳ್ಳಿ.

ಆಗದಿದ್ದರೆ ಮಳೆಗಾಲದ ಕೆಲಸ ಕೇಳಿ, ಅದೇನೂ ಕಡಿಮೆಯದಲ್ಲ. ಕಿರೀಟ, ಭುಜಕೀರ್ತಿಗಳ ಹಗುರ ಮರದ ಮೇಲೆ ಅಂಟಿಸಿದ ಬೇಗಡೆ (ಹೊಳೆಯುವ ತೆಳು ಹಾಳೆ) ತೇವಕ್ಕೆ ಏಳುತ್ತದೆ, ಕನ್ನಡಿ ಚೂರು ಉದುರುತ್ತದೆ. ಒಂದೊಂದರ ಫೋಟೊ, ಅಳತೆ, ಸ್ಥಿತಿ ಬರೆದಿಡುವವರು ನಿಜಕ್ಕೂ ಬೇಕು. ಹಸ್ತಪ್ರತಿ ಪ್ರಸಂಗ (ಆಟದ ಪದ್ಯಗಳ ಪುಸ್ತಕ) ಸ್ಕ್ಯಾನ್ ಮಾಡುವುದಾದರೆ 300 ಡಿಪಿಐಗಿಂತ ಕೆಳಗೆ ಇಳಿಸಬೇಡಿ, ಹೊಲಿಗೆ ಬಿಚ್ಚಲೇಬೇಡಿ.

ಕಾಲೇಜಿನ ಪತ್ರದಲ್ಲಿ ದಿನಾಂಕ, ಗಂಟೆ, ಮಾರ್ಗದರ್ಶಕರ ಹೆಸರು, ಊಟ-ವಸತಿಯ ಹೊಣೆ, ಧ್ವನಿಮುದ್ರಣದ ಹಕ್ಕು ಯಾರದೆಂಬುದು ಇರಲಿ. ಹಾಜರಿಗೆ ವಾರವಾರವೂ ಸಹಿ ಹಾಕಿಸಿ. ಮೇಳದವರು ಚದುರಿದ ಮೇಲೆ ಹಿಡಿಯುವುದು ಕಷ್ಟ.