ಸೈಬೀರಿಯಾದ ಹೆಪ್ಪುಗಟ್ಟಿದ ಮಣ್ಣಿನ ಸಾವಯವ ಇಂಗಾಲವನ್ನು ನಮ್ಮ ಮಣ್ಣು ಪರೀಕ್ಷಾ ಕೇಂದ್ರಗಳ ವಾಕ್ಲಿ-ಬ್ಲ್ಯಾಕ್ ವಿಧಾನದಲ್ಲೇ ಅಳೆಯಬಹುದೇ?
ಹಾಗೇ ಅಳೆದರೆ ಸಂಖ್ಯೆ ತಪ್ಪುತ್ತದೆ, ಅದೂ ತೀರಾ ಕಡಿಮೆ ಬರುತ್ತದೆ. ಕಾರಣ, ಇಂಗಾಲವನ್ನು ಸುಡುವ ರಾಸಾಯನಿಕವಾದ ಡೈಕ್ರೋಮೇಟ್ ಸಾಲದು.

ಈ ವಿಧಾನದಲ್ಲಿ 1 ಗ್ರಾಂ ಮಣ್ಣಿಗೆ 1 ನಾರ್ಮಲ್ ಪೊಟ್ಯಾಸಿಯಂ ಡೈಕ್ರೋಮೇಟ್ 10 ಮಿ.ಲೀ., ಸಾಂದ್ರ ಗಂಧಕಾಮ್ಲ 20 ಮಿ.ಲೀ. ಹಾಕಿ ಅರ್ಧ ಗಂಟೆ ಬಿಡುತ್ತಾರೆ. ಅಷ್ಟು ಡೈಕ್ರೋಮೇಟ್ ಹೆಚ್ಚೆಂದರೆ 30 ಮಿ.ಗ್ರಾಂ ಇಂಗಾಲವನ್ನು ಸುಡಬಲ್ಲದು, ಅಂದರೆ ಶೇ. 3. ನಮ್ಮ ಹೊಲದ ಮಣ್ಣಿನಲ್ಲಿ ಇಂಗಾಲ ಸಾಮಾನ್ಯವಾಗಿ ಶೇ. 1ರ ಆಸುಪಾಸು, ಹಾಗಾಗಿ ತೊಂದರೆಯಿಲ್ಲ. ಚಳಿಗೆ ಸರಿಯಾಗಿ ಕೊಳೆಯದೆ ಉಳಿದ ಟಂಡ್ರಾದ ಪೀಟ್ (ಗಿಡಗಳ ಅವಶೇಷ) ಪದರದಲ್ಲಿ ಅದು ಶೇ. 40 ಮುಟ್ಟಬಹುದು. ಫ್ಲಾಸ್ಕಿನ ಕಿತ್ತಳೆ ಬಣ್ಣ ಪೂರ್ತಿ ಹಸಿರಾಯಿತೆಂದರೆ ಡೈಕ್ರೋಮೇಟ್ ಮುಗಿದಿದೆ. ಉಳಿದ ಡೈಕ್ರೋಮೇಟ್ ಎಷ್ಟೆಂದು ಅಳೆಯುವ ಟೈಟ್ರೇಶನ್ ಆಗ ಬಿಟ್ಟುಬಿಡಿ.

ಮಾದರಿಯನ್ನು 0.05 ಗ್ರಾಂಗೆ ಇಳಿಸಬಹುದು, ಆದರೆ ಅಷ್ಟರಲ್ಲಿ ಒಂದು ಬೇರಿನ ಚೂರು ಬಂದರೂ ಫಲಿತಾಂಶ ಏರುಪೇರು. ನುಣ್ಣಗೆ ಪುಡಿ ಮಾಡಲೇಬೇಕು. ಇನ್ನೊಂದು ಕಾಟ: ನೀರು ನಿಂತ ಮಣ್ಣಿನ ಫೆರಸ್ ಕಬ್ಬಿಣವೂ ಡೈಕ್ರೋಮೇಟ್ ತಿನ್ನುತ್ತದೆ, ಆಗ ಇಂಗಾಲ ಇರುವುದಕ್ಕಿಂತ ಹೆಚ್ಚು ತೋರುತ್ತದೆ.

ಅದಕ್ಕೇ ಅಲ್ಲಿಯ ಮಣ್ಣಿಗೆ ಎಲಿಮೆಂಟಲ್ ಅನಲೈಸರ್ ವಾಸಿ: ಸುಮಾರು 1000 ಡಿಗ್ರಿ ಸೆಲ್ಸಿಯಸ್‌ನಲ್ಲಿ ಆಮ್ಲಜನಕ ಹಾಯಿಸಿ ಸುಟ್ಟು, ಬಂದ ಇಂಗಾಲದ ಡೈಆಕ್ಸೈಡ್ ಅಳೆಯುತ್ತದೆ. ಮಣ್ಣಿನಲ್ಲಿ ಸುಣ್ಣ (ಕಾರ್ಬೊನೇಟ್) ಇದ್ದರೆ ಮೊದಲು ಹೈಡ್ರೋಕ್ಲೋರಿಕ್ ಆಮ್ಲದ ಹಬೆ ಕೊಟ್ಟು ತೆಗೆಯಬೇಕು. ಅದನ್ನು ಬೆಳ್ಳಿಯ ಕ್ಯಾಪ್ಸೂಲಿನಲ್ಲಿ ಮಾಡಿ. ತವರದ್ದನ್ನು ಆಮ್ಲ ತಿಂದು ತೂತು ಮಾಡುತ್ತದೆ.